ನಾಲ್ಕನೇ ಜ್ವರಕ್ಕೆ ಮೋಲ್ಡು

ಮನೆಗೆ ಮೋಲ್ಡು, ಅಂದರೆ ಕಾಂಕ್ರೀಟಿನ ಚಾವಣಿ, ಹಾಕುವುದಕ್ಕೆ ಒಂದು ಪೂರಾ ದಿನ ಬೇಕು, ಊರಿನ ಅರ್ಧ ಕೈಗಳು ಬೇಕು. ರೇಷ್ಮೆ ಹುಳು ಹಣ್ಣಾದಾಗ ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವುದಕ್ಕೂ ಒಂದು ಪೂರಾ ದಿನ ಬೇಕು, ಉಳಿದರ್ಧ ಕೈಗಳು ಬೇಕು. ಎರಡನ್ನೂ ನಡುವೆ ನಿಲ್ಲಿಸಿ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಕಲಸಿದ ಕಾಂಕ್ರೀಟು ಗಟ್ಟಿಯಾಗುತ್ತದೆ. ಹಣ್ಣಾದ ಹುಳು ಸಿಕ್ಕಿದ ಕಡೆ ನೂಲು ಬಿಟ್ಟು ಹಾಳುಮಾಡುತ್ತದೆ. ಇವೆರಡೂ ಒಂದೇ ದಿನಕ್ಕೆ ಬಂದು ಕೂತದ್ದು ನನ್ನ ತಪ್ಪಿನಿಂದ. ಅಷ್ಟೂ ವರ್ಷಗಳ ಸಂಸಾರದಲ್ಲಿ ಆ ಒಂದು ತಿಂಗಳು ಕೂತು ಉಂಡದ್ದು ನನಗೆ ನೆನಪಿಲ್ಲ.

ನಾನು ಮಾಗಡಿ ಕಡೆಯವಳು, ಕಲ್ಯದ ಪಕ್ಕ. ಕೊಟ್ಟಿದ್ದು ಕೂಟಗಲ್ ಹೋಬಳಿಯ ಒಂದು ಹಳ್ಳಿಗೆ. ನಮ್ಮದು ಹೆಂಚಿನ ಮನೆ. ಅದರಲ್ಲಿ ಸೋರದ ಕೋಣೆ ಒಂದೇ, ಅದು ಹುಳುವಿನದು. ನಾವು ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಜಗಲಿಯಲ್ಲಿ ಎಲ್ಲಿ ಸಿಕ್ಕರೆ ಅಲ್ಲಿ ಮಲಗುತ್ತಿದ್ದೆವು. ಆ ಭಾಗದಲ್ಲಿ ಇದೇನು ವಿಶೇಷವಲ್ಲ.

ಹೊಸ ಮನೆ ಕಟ್ಟಬೇಕೆಂದು ಹಟ ಹಿಡಿದವಳು ನಾನು, ಅದೂ ನನಗೋಸ್ಕರವಲ್ಲ. ನನ್ನ ನಾದಿನಿಯನ್ನು ಚನ್ನಪಟ್ಟಣದ ಕಡೆ ಕೊಟ್ಟಿತ್ತು. ಅವಳ ಚೊಚ್ಚಲು ಬಾಣಂತನ ಗಂಡನ ಮನೆಯಲ್ಲೇ ಆಯಿತು, ಯಾಕೆಂದರೆ ನಮ್ಮಲ್ಲಿ ಕೋಣೆ ಇರಲಿಲ್ಲ. ಬಾಣಂತಿಗೆ ಸಾಂಬ್ರಾಣಿ ಹೊಗೆ ಬೇಕು, ಬೆಳ್ಳುಳ್ಳಿ ಒಗ್ಗರಣೆ ಬೇಕು, ಬಂದು ಹೋಗುವವರು ಬೇಕು. ಹುಳುವಿಗೆ ಇದ್ಯಾವುದೂ ಆಗದು. ಮೇಲೆ ಪುರುಡಿನ ಮನೆಯಲ್ಲಿ ಹುಳು ಇಡುವ ಪದ್ಧತಿಯೇ ಇಲ್ಲ. ಗಂಡನ ಮನೆಯವರು ಹನ್ನೆರಡನೇ ದಿನಕ್ಕೆ ಅವಳನ್ನು ಒರಳಿನ ಮುಂದೆ ಕೂರಿಸಿದರು. ಜ್ವರ ಬಂತು, ಎದೆಹಾಲು ಬತ್ತಿತು. ಮಗು ನಲವತ್ತು ದಿನ ಬದುಕಿತ್ತು. ನಮ್ಮತ್ತೆ ಆ ಮಾತನ್ನು ಆಡುತ್ತಲೇ ಇರಲಿಲ್ಲ. ಆದರೆ ಆ ಬೆಳೆಯ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕುವಾಗ ಮುಟ್ಟಲಿಲ್ಲ, ಅದನ್ನು ನಾನು ನೋಡಿದ್ದೆ.

ನಾಲ್ಕು ವರ್ಷದ ಮೇಲೆ, ಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತ ಮೇಲೆ, ಅವಳು ಮತ್ತೆ ಬಸುರಿಯಾದಳು. ಗೋಡೆ ಆಗಲೇ ಅರ್ಧ ಎದ್ದಿತ್ತು. ಈ ಸಲ ನಿನಗೆ ಬಾಗಿಲು ಹಾಕಿಕೊಳ್ಳುವ ಕೋಣೆ ಕೊಡುತ್ತೇನೆ, ಒಂಬತ್ತರಲ್ಲಿ ಬಾ ಎಂದು ಅವಳ ಕೈ ಹಿಡಿದು ಹೇಳಿ ಬಂದಿದ್ದೆ. ಅವಳ ಅತ್ತೆ ಮಾತ್ರ ಎಲ್ಲರ ಮುಂದೆ ಒಂದು ಮಾತು ಹಾಕಿದರು.

"ಕೋಣೆ ಐತೆ ಅಂತ ತೋರ್ಸಿ, ಕಳಿಸ್ತೀವಿ. ಹುಳ ಐತೆ ಅಂದ್ರೆ ಇಲ್ಲೇ ಇರ್ಲಿ."

ಹೀಗಾಗಿ ನನ್ನ ಲೆಕ್ಕ ಹಿಂದಿನಿಂದ ಶುರುವಾಯಿತು. ಅವಳು ಬರುವುದಕ್ಕೆ ಉಳಿದಿದ್ದದ್ದು ಎರಡು ತಿಂಗಳು. ಮೋಲ್ಡು ಹಾಕಿದ ಮೇಲೆ ಕೆಳಗಿನ ಕಂಬ, ಹಲಗೆ ಬಿಚ್ಚುವುದಕ್ಕೆ ಮೂರು ವಾರ. ಆಮೇಲೆ ನೆಲ, ಬಾಗಿಲು, ಗಾರೆ. ಇದರ ನಡುವೆ ಮನೆಯಲ್ಲಿ ಹುಳು ಬೇರೆ ಇತ್ತು. ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಗೆರೆ ಎಳೆದುಕೊಂಡಿದ್ದೆ. ಮೇಲಿನ ಸಾಲು ಮನೆಯದು, ಕೆಳಗಿನದು ಹುಳುವಿನದು. ಬೆಳಿಗ್ಗೆ ದೀಪ ಹಚ್ಚಿ, ಕಬ್ಬಾಳಮ್ಮನ ಪಟಕ್ಕೆ ಕೈಮುಗಿದು, ಆ ಗೆರೆಗಳನ್ನು ನೋಡಿಯೇ ಒಲೆ ಹತ್ತಿಸುತ್ತಿದ್ದೆ.

ಹುಳು ತನ್ನ ಆಯಸ್ಸಿನಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ದಿನ ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಮನೆಯವರಿಗೆ ಸಿಗುವ ಬಿಡುವು ಅದೊಂದೇ. ನಾಲ್ಕನೇ ಜ್ವರ ಎದ್ದ ಮೇಲೆ ಏಳು ದಿನ ರಾಕ್ಷಸರ ಹಾಗೆ ತಿಂದು ಹಣ್ಣಾಗುತ್ತದೆ. ಆದ್ದರಿಂದ ನಾಲ್ಕನೇ ಜ್ವರದ ದಿನವೇ ಮೋಲ್ಡು ಎಂದು ಗೊತ್ತು ಮಾಡಿದೆ. ಹುಳು ಮಲಗಿರುವಾಗ ನಾವು ಮನೆಗೆ ಮುಚ್ಚಳ ಹಾಕಿಬಿಡುವುದು. ಮೂರು ರಾತ್ರಿ ಯೋಚಿಸಿ ಮಾಡಿದ ಲೆಕ್ಕ ಅದು. ಒಳ್ಳೆಯ ಲೆಕ್ಕವೆಂದು ಈಗಲೂ ಹೇಳುತ್ತೇನೆ.

ಆ ದಿನಕ್ಕೆ ಮುಂಚೆ ಆಗಬೇಕಾದ ಕೆಲಸ ಮೂರು. ಬಡಗಿ ಹಲಗೆ ಹೊಡೆಯಬೇಕು, ಅದರ ಮೇಲೆ ಕಂಬಿಯವನು ಕಂಬಿ ಕಟ್ಟಬೇಕು, ಕಂಬಿಯ ಸಂದಿಯಲ್ಲಿ ಕರೆಂಟಿನವನು ಪೈಪು ಎಳೆಯಬೇಕು. ಒಬ್ಬ ಮುಗಿಸದೆ ಇನ್ನೊಬ್ಬ ಬರುವುದಿಲ್ಲ ಎಂಬುದು ಅವರ ಕಟ್ಟಳೆ. ಅವರ ಕಟ್ಟಳೆಯಂತೆ ಹೋದರೆ ಹನ್ನೆರಡು ದಿನ, ನನ್ನ ಗೋಡೆಯ ಮೇಲೆ ಇದ್ದದ್ದು ಎಂಟು ಗೆರೆ. ಅರ್ಧ ಹಲಗೆ ಮುಗಿದಿದ್ದ ದಿನವೇ ಕಂಬಿಯವನನ್ನು ಕರೆತಂದು, ಮುಗಿದ ಕಡೆಯಿಂದ ನೀನು ಶುರುಮಾಡಪ್ಪ ಎಂದು ಮೇಲೆ ಹತ್ತಿಸಿದೆ. ಎರಡು ದಿನ ಅವರಿಬ್ಬರೂ ಒಬ್ಬರ ಕಾಲ ಮೇಲೆ ಒಬ್ಬರು ನಿಂತು ಬೈದಾಡಿಕೊಂಡರು.

"ನನ್ ಹಲಗೆ ಮ್ಯಾಲೆ ಕಂಬಿ ಎಸೀಬ್ಯಾಡ ಕಣ್ಲಾ, ಸೀಳ್ತದೆ."

"ಹಂಗಂದ್ರೆ ಕಂಬಿನ ತೊಡೆ ಮ್ಯಾಲೆ ಮಲಗಿಸ್ಕಂಡು ಕಟ್ಲೇನ್ಲಾ?"

ನಾನು ಕೆಳಗಿನಿಂದ ಮಜ್ಜಿಗೆ ಕೊಟ್ಟು ಕೊಟ್ಟು ಇಬ್ಬರನ್ನೂ ಇಳಿಯದಂತೆ ನೋಡಿಕೊಂಡೆ. ಕರೆಂಟಿನವನು ರಾಮನಗರದಿಂದ ಹಾಲಿನ ವ್ಯಾನಿನಲ್ಲಿ ಬರುತ್ತಿದ್ದ. ಅವನು ವಾಪಸು ಹೋಗುವ ವ್ಯಾನು ತಪ್ಪಲೆಂದು ಊಟಕ್ಕೆ ತಡಮಾಡಿ ಬಡಿಸಿದೆ. ಪಾಪ, ಪೈಪು ಮುಗಿಸದೆ ಬೇರೆ ದಾರಿ ಅವನಿಗಿರಲಿಲ್ಲ. ದೇವರು ಇದನ್ನು ಕ್ಷಮಿಸಿದ್ದಾನೆ ಎಂದುಕೊಂಡಿದ್ದೇನೆ.

ಮೇಸ್ತ್ರಿ ಕೂಟಗಲ್ಲಿನವನು, ನಮಗೆ ಹಳಬ. ಕಾಂಕ್ರೀಟಿನ ಗ್ಯಾಂಗು ಕರೆತರುವ ಹೊಣೆ ಅವನದು. ನಾಲ್ಕನೇ ಜ್ವರದ ದಿನ ಗ್ಯಾಂಗು ಬರಲಿ ಎಂದೆ. ಅವನು ತಲೆಯಾಡಿಸಿ, ಅವತ್ತೇ ಒಳ್ಳೇದು, ಎಲ್ಲಾರಿಗೂ ಬಿಡುವು ಎಂದು ಸೈಕಲ್ಲು ಹತ್ತಿದ.

ಹುಳು ನನ್ನ ಗೆರೆಯಂತೆಯೇ ಜ್ವರಕ್ಕೆ ಕೂತವು. ಆ ಬೆಳಿಗ್ಗೆ ಊರಿನ ಎಂಟು ಜನ ಹೆಂಗಸರು ಮುಯ್ಯಾಳಾಗಿ ಬಂದರು. ನಾನು ಅವರ ಮನೆಗಳಲ್ಲಿ ಒಂದೊಂದು ದಿನ ದುಡಿದಿದ್ದೆ, ಅದಕ್ಕೆ ಅವರು ನನಗೆ ಒಂದೊಂದು ದಿನ ಕೊಡಬೇಕಿತ್ತು. ಹುಳುಮನೆಗೆ ಒಗ್ಗರಣೆ ವಾಸನೆ ತಾಗದಂತೆ ಗಾಳಿಯ ಕೆಳಗಡೆ, ಹುಣಿಸೆಮರದ ಹತ್ತಿರ ಒಲೆ ಹೂಡಿ ಮೂವತ್ತು ಜನಕ್ಕೆ ಕೋಳಿಸಾರು, ಮುದ್ದೆ ಮಾಡಿದೆವು. ಎಂಟು ಗಂಟೆಯಾಯಿತು, ಒಂಬತ್ತಾಯಿತು, ಗ್ಯಾಂಗಿಲ್ಲ. ನಮ್ಮ ಯಜಮಾನರು ಸೈಕಲ್ಲಿನಲ್ಲಿ ಮೇಸ್ತ್ರಿಯ ಮನೆಗೆ ಹೋದರು. ಬರುವಾಗ ಮುಖದಲ್ಲಿ ನಗುವಿನಂಥದ್ದೇನೋ ಇತ್ತು, ಅದು ನಗುವಲ್ಲ.

"ನಾಲ್ಕನೇ ಜ್ವರಕ್ಕೆ ಇನ್ನೂ ಏಳು ದಿನ ಐತಲ್ಲ ಅಂತಾನೆ."

ಮೇಸ್ತ್ರಿಯ ಮನೆಯಲ್ಲೂ ಹುಳು ಇತ್ತು. ಅವರು ಚಾಕಿ, ಅಂದರೆ ಎಳೆಹುಳುವಿನ ಮರಿ, ತಂದದ್ದು ನಮಗಿಂತ ಒಂದು ವಾರ ತಡವಾಗಿ. ನಮ್ಮಲ್ಲಿ ಮದುವೆ ಮಾತುಕತೆಗೆ ಹೋಗುವುದರಿಂದ ಹಿಡಿದು ಹಲ್ಲು ಕೀಳಿಸುವುದರವರೆಗೆ ಎಲ್ಲವನ್ನೂ ಹುಳುವಿನ ಜ್ವರದಲ್ಲೇ ಎಣಿಸುತ್ತೇವೆ. ಯಾರಾದರೂ ಜ್ವರದ ದಿನ ಎಂದರೆ ಅವರವರ ಮನಸ್ಸು ಅವರವರ ಹುಳುಮನೆಗೆ ಹೋಗುತ್ತದೆ. ತನ್ನ ಮನೆಯ ಹುಳು ಮಲಗುವ ದಿನಕ್ಕೆ ಅವನು ಗ್ಯಾಂಗಿಗೆ ಹೇಳಿ ಬಂದಿದ್ದ. ಅವನ ಕಡೆಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ನಮ್ಮ ಕಡೆಯಿಂದ ಅದು ಹುಳು ಹಣ್ಣಾಗುವ ದಿನ.

ಅತ್ತೆ ಬೈಯಲಿಲ್ಲ. "ವಾರ ಹೇಳ್‌ಬಾರ್ದಿತ್ತಾ ಕಣಮ್ಮಿ" ಎಂದು ಒಳಗೆ ಹೋದರು. ಎಂಟು ಜನ ಹೆಂಗಸರು ಉಂಡರು, ಅಂಗಳ ಗುಡಿಸಿದರು, ಸಂಜೆಗೆ ಹೊರಟರು. ಮುಯ್ಯಾಳು ಬಂದ ಮೇಲೆ ಕೆಲಸ ಇದ್ದರೂ ಇಲ್ಲದಿದ್ದರೂ ದಿನ ಸಂದಂತೆ. ನನಗೆ ಬರಬೇಕಾಗಿದ್ದ ಎಂಟು ದಿನಗಳು ಕೋಳಿಸಾರಿನಲ್ಲಿ ಮುಗಿದುಹೋದವು.

ಮುಂದಿನ ಏಳು ದಿನ ನನ್ನ ಕಾಲು ನೆಲಕ್ಕೆ ಊರಲಿಲ್ಲ. ಜ್ವರ ಎದ್ದ ಹುಳುವಿಗೆ ದಿನಕ್ಕೆ ನಾಲ್ಕು ಸಲ ಸೊಪ್ಪು. ಸೊಪ್ಪಿನ ಹೊರೆ ಇಳಿಸಿ ಹೊಸ ಮನೆಗೆ ಓಡುವುದು, ಅಲ್ಲಿ ಹಲಗೆಗೆ ನೀರು ಚಿಮುಕಿಸಿ ಮತ್ತೆ ಹುಳುಮನೆಗೆ ಓಡುವುದು. ಒಂದು ಮಧ್ಯಾಹ್ನ ಪಕ್ಕದ ಮನೆಯ ಕುರಿ ಏಣಿಹಲಗೆ ಹತ್ತಿ ಮೇಲೆ ಹೋಗಿ, ಕರೆಂಟಿನ ಪೈಪಿನ ಮೇಲೆ ಕಾಲಿಟ್ಟು ಒಂದು ಕಡೆ ಬಿಚ್ಚಿಬಿಟ್ಟಿತ್ತು. ಸೀರೆಯ ಅಂಚು ಹರಿದು ನಾನೇ ಕಟ್ಟಿದೆ. ಆ ಕಟ್ಟು ಈಗಲೂ ಆ ಮೋಲ್ಡಿನೊಳಗೆ ಇದೆ.

ಕಬ್ಬಾಳಮ್ಮನಿಗೆ ಕೈಮುಗಿದು, ಹುಳು ಒಂದು ದಿನ ತಡವಾಗಿ ಹಣ್ಣಾಗಲಿ ತಾಯಿ ಎಂದು ಕೇಳಿದೆ. ಒಂದೇ ದಿನ, ಹೆಚ್ಚಿಗೆ ಬೇಡ. ಕೇಳಿದ್ದಷ್ಟಕ್ಕೇ ಸುಮ್ಮನಿರಲಿಲ್ಲ, ಅದು ನನ್ನ ಎರಡನೇ ತಪ್ಪು. ತಂಪಿದ್ದರೆ ಹುಳು ನಿಧಾನವಾಗುತ್ತದೆಂದು ಗೋಣಿಚೀಲ ನೆನೆಸಿ ಹುಳುಮನೆಯ ಕಿಟಕಿಗೆ ಕಟ್ಟಿದೆ. ಅತ್ತೆ ಬಂದು ಮೂಸಿ ನೋಡಿ, ಚೀಲ ಕಿತ್ತು ಅಂಗಳಕ್ಕೆ ಎಸೆದರು. ತೇವಕ್ಕೆ ಸುಣ್ಣಕಟ್ಟು ರೋಗ ಬರುತ್ತದೆ, ಹುಳುವೆಲ್ಲ ಸೀಮೆಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ಸಾಯುತ್ತವೆ. ಹಿಂದೊಂದು ವರ್ಷ ಹಾಗಾಗಿ ಒಂದು ಬೆಳೆಯನ್ನೇ ಗುಂಡಿ ತೋಡಿ ಮುಚ್ಚಿದ್ದರು. ಹುಳು ಇರುವ ಬೇರೆ ಮನೆಯಿಂದ ಯಾರೋ ಒಳಗೆ ಬಂದಿದ್ದರಿಂದ ರೋಗ ತಗುಲಿತು ಎಂದು ಅತ್ತೆ ನಂಬಿದ್ದರು. ಅವತ್ತಿನಿಂದ, ತಮ್ಮ ಮನೆಯಲ್ಲಿ ಹುಳು ಇರುವ ದಿನಗಳಲ್ಲಿ ಬೇರೆಯವರು ಯಾರೂ ನಮ್ಮ ಹುಳುಮನೆಯ ಹೊಸ್ತಿಲು ದಾಟಿದ್ದಿಲ್ಲ.

ಏಳನೇ ದಿನದ ಹಿಂದಿನ ಸಂಜೆ, ಇನ್ನೂ ಬಿಸಿಲಿದ್ದಾಗ, ಅತ್ತೆ ಒಂದು ಹುಳುವನ್ನು ಬೆಳಕಿಗೆ ಹಿಡಿದರು. ಕತ್ತು ಗಾಜಿನಂತೆ ಹೊಳೆಯುತ್ತಿತ್ತು. ನಾಳೆ ಬೆಳಿಗ್ಗೆ ಎಂದರು. ಊರಿನ ಹೆಂಗಸರಲ್ಲಿ ಐದು ಜನ ಮಾರನೆಯ ದಿನ ಬೇರೆ ಮನೆಯ ಹಣ್ಣುಹುಳುವಿಗೆ ಒಪ್ಪಿಕೊಂಡಿದ್ದರು. ಬರುತ್ತೇವೆ ಎಂದವರು, ಆಗ ಮನೆಯಲ್ಲಿ ಹುಳು ಇಲ್ಲದ ಮೂರೇ ಜನ.

ನಾನು ತಲೆಗೆ ಸೆರಗು ಹೊದ್ದು ಹೊಲದ ಬದುವಿನ ಮೇಲೆ ಕೂಟಗಲ್ಲಿಗೆ ನಡೆದೆ. ಮೇಸ್ತ್ರಿಯ ಮನೆಯ ಅಂಗಳದ ಆಚೆಯೇ ನಿಂತೆ. ಅವರ ಹುಳು ಜ್ವರಕ್ಕೆ ಕೂರುತ್ತಿದ್ದವು, ನಾನು ಹುಳುಮನೆಯಿಂದ ಬಂದವಳು. ಮೇಸ್ತ್ರಿ ಬಂದು ಗ್ಯಾಂಗನ್ನು ಮುಂದಕ್ಕೆ ಹಾಕಲು ಆಗದು ಎಂದ. ನಾಳೆ ವಾಪಸು ಹೋದರೆ ಅವರು ಕನಕಪುರದ ಕಡೆ ಒಂದು ತಿಂಗಳ ಕೆಲಸಕ್ಕೆ ಹೋಗುತ್ತಾರಂತೆ. ಒಂದು ತಿಂಗಳು, ಅದರ ಮೇಲೆ ಮೂರು ವಾರ. ಬೆರಳು ಮಡಿಸುವುದೇ ಬೇಕಾಗಲಿಲ್ಲ.

"ಅಷ್ಟರಲ್ಲಿ ನನ್ನ ನಾದಿನಿಗೆ ದಿನ ತುಂಬಿರುತ್ತೆ" ಎಂದೆ. "ಹೋದ ಸಲ ಏನಾಯ್ತು ಅಂತ ನಿಮಗೂ ಗೊತ್ತು."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅವನ ಹೆಂಡತಿ ಅಲ್ಲಿಂದಲೇ ಮಾತಾಡಿದಳು.

"ನಮ್ ಹುಳ ನಾಳೆ ಮಲಗಿರ್ತವೆ ಕಣಕ್ಕ. ನಾನು, ನನ್ ವಾರಗಿತ್ತೀರು, ಪಕ್ಕದ ಮನೆಯೋರು, ಐದು ಜನ ಸುಮ್ಕೆ ಕೂತಿರ್ತೀವಿ. ನಿಮ್ಮತ್ತೆ ಒಳಕ್ಕೆ ಬುಡ್ತಾರಾ ಕೇಳು, ಬತ್ತೀವಿ."

"ಆಯಮ್ಮ ಬುಟ್ಟಾಳಾ?" ಎಂದ ಮೇಸ್ತ್ರಿ. "ಇಪ್ಪತ್ತು ವರ್ಷದಿಂದ ನನ್ನೇ ಬೇಲಿ ತಾವ ನಿಲ್ಸಿ ಮಾತಾಡಿಸ್ತಾಳೆ."

"ನಿನ್ನ ಬೀಡಿಗೆ ನಿಲ್ಸವ್ಳೆ. ನಾ ಬೀಡಿ ಸೇದಕಿಲ್ಲ."

ಆ ಹೆಣ್ಣುಮಗಳು ತನ್ನ ಬೆಳೆಯನ್ನೂ ಪಣಕ್ಕಿಟ್ಟೇ ಆ ಮಾತಾಡಿದ್ದಳು. ನಮ್ಮಲ್ಲಿಂದ ರೋಗ ಅವರ ಮನೆಗೂ ಹೋಗಬಹುದಿತ್ತು. ತನ್ನ ಗಂಡ ಯಾವ ವಾರ ಎಂದು ಕೇಳದೆ ತಲೆಯಾಡಿಸಿದ ತಪ್ಪಿಗೆ ಇದು ಎಂದು ಮಾತ್ರ ಹೇಳಿದಳು.

ಹಿಂದಕ್ಕೆ ಬಂದಾಗ ಅತ್ತೆ ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಹೊಸೆಯುತ್ತಲೇ ಕೇಳಿದರು.

"ನಾಳೆ ಬುಟ್ರೆ ನನ್ ಮಗಳು ಬರಾಂಗಿಲ್ವಾ?"

"ಬಂದರೆ ಮಲಗೋಕೆ ಜಾಗ ಇರಲ್ಲ, ಅತ್ತೆ. ಅವರು ಕಳಿಸೋದೂ ಇಲ್ಲ."

ಇನ್ನೆರಡು ಬತ್ತಿ ಹೊಸೆದರು. ಹುಳುಮನೆಯ ಕಡೆ ನೋಡಿದರು. ಅಲ್ಲಿಂದ ಸೊಪ್ಪು ಮೇಯುವ ಸದ್ದು ಸಣ್ಣಗಾಗಿತ್ತು.

"ತಲೆಗೆ ನೀರು ಹುಯ್ಕಂಡು, ಮಡಿ ಸೀರೆ ಉಟ್ಕಂಡು ಬರ್ಲಿ" ಎಂದರು. "ಕಾಲಿಗೆ ಸುಣ್ಣದ ನೀರು ನಾನೇ ಹುಯ್ತೀನಿ."

ಯಜಮಾನರು ಆಗಲೇ ಸೈಕಲ್ಲು ತೆಗೆದು ಕೂಟಗಲ್ಲಿಗೆ ಹೋಗಿ ಹೇಳಿ ಬಂದರು.

ಬೆಳಿಗ್ಗೆ ಐದೂ ಜನ ಒದ್ದೆ ಕೂದಲು ಬಿಟ್ಟುಕೊಂಡು ಬಂದರು. ಅತ್ತೆ ಒಬ್ಬೊಬ್ಬರ ಪಾದಕ್ಕೂ ಸುಣ್ಣದ ನೀರು ಹೊಯ್ದು ಒಳಗೆ ಬಿಟ್ಟರು. ಮೇಸ್ತ್ರಿಯ ಹೆಂಡತಿ ಹೊಸ್ತಿಲು ದಾಟುವಾಗ ಅತ್ತೆ ಕಣ್ಣು ಮುಚ್ಚಿಕೊಂಡದ್ದನ್ನು ನಾನು ಕಂಡೆ. ನಮ್ಮೂರಿನ ಮೂವರೂ ಸೇರಿ ಎಂಟು ಜನವಾಯಿತು. ನಾನು ಕಳೆದುಕೊಂಡಿದ್ದೂ ಎಂಟೇ.

ಗ್ಯಾಂಗು ಬಂತು. ಯಜಮಾನರು ಬೇಲಿಯಲ್ಲೇ ನಿಂತು ಎಲ್ಲರ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಸಿದುಕೊಂಡು ಮೊರದಲ್ಲಿಟ್ಟರು. ಸೇದಬೇಕೆಂದರೆ ಹುಣಿಸೆಮರದ ಆಚೆಗೆ ಎಂದು ಮಾತಾಯಿತು. ಕಾಂಕ್ರೀಟಿನ ಮೊದಲ ಬಾಂಡ್ಲಿಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದೆವು. ಮೇಸ್ತ್ರಿ ಪಡುವಣ ಮೂಲೆಯಿಂದ ಶುರುಮಾಡುವವನಿದ್ದ, ಅದು ಅವನ ಪದ್ಧತಿ. ನಾದಿನಿಯ ಕೋಣೆ ಮೂಡಣಕ್ಕಿತ್ತು. ಅಲ್ಲಿಂದ ಹಾಕಿ ಎಂದೆ. ಏನೇ ನಿಂತುಹೋದರೂ ಅದೊಂದು ಆಗಿರಲಿ ಎಂಬ ಆಸೆ. ನಡುವೆ ನಿಲ್ಲಿಸಿದರೆ ಸಂದು ಬಿಟ್ಟು ಸೋರುತ್ತದೆ, ನಿಲ್ಲಿಸುವ ಮಾತೇ ಆಡಬೇಡಿ ಎಂದು ಗದರಿದ, ಆದರೆ ಮೂಡಣದಿಂದಲೇ ಹಾಕಿದ.

ಅವತ್ತು ನಾನು ಎರಡು ಮನೆಗಳ ನಡುವೆ ಎಷ್ಟು ಸಲ ಓಡಾಡಿದೆನೋ ತಿಳಿಯದು. ಪ್ರತಿ ಸಲ ಹುಳುಮನೆಗೆ ನುಗ್ಗುವ ಮುಂಚೆ ಕಾಲು ತೊಳೆಯಬೇಕು, ಸಿಮೆಂಟಿನ ಧೂಳು ಕೊಡವಬೇಕು. ಒಳಗೆ ಎಂಟು ಹೆಂಗಸರು ಹುಳುವಿನ ತಟ್ಟೆಗಳ ಮುಂದೆ ಕೂತು ಹೊಳೆಯುವ ಹುಳುಗಳನ್ನು ಮಾತ್ರ ಆರಿಸುತ್ತಿದ್ದರು, ಹಸಿರಿರುವುದನ್ನು ಬಿಡುತ್ತಿದ್ದರು. ಚಂದ್ರಿಕೆಗಳನ್ನು ಸಾಲಾಗಿ ಚಪ್ಪರದ ನೆರಳಿಗೆ ಇಡುತ್ತಾ ಬಂದೆವು. ಹೊರಗೆ ಬಂದರೆ ಮಿಕ್ಸರಿನ ಗಡಗಡ, ಕೈಯಿಂದ ಕೈಗೆ ಹೋಗುವ ಬಾಂಡ್ಲಿ. ಇಲ್ಲಿದ್ದಾಗ ಅಲ್ಲೇನಾಯಿತೋ ಅನ್ನಿಸುತ್ತಿತ್ತು, ಅಲ್ಲಿದ್ದಾಗ ಇಲ್ಲಿಯದು. ಉಣ್ಣಲು ಕೂತವರಿಗೆ ಮುದ್ದೆ ಬಡಿಸುತ್ತಾ ಒಬ್ಬರ ತಟ್ಟೆಗೆ ಎರಡು ಸಲ ಬಡಿಸಿ, ಪಕ್ಕದವರನ್ನು ಬಿಟ್ಟು ಮುಂದೆ ಹೋದೆ.

ಮೂರು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಮೋಲ್ಡು ಮುಕ್ಕಾಲು ಆಗಿತ್ತು. ಹಸಿ ಕಾಂಕ್ರೀಟಿನ ಮೇಲೆ ಮಳೆ ಹೊಡೆದರೆ ಸಿಮೆಂಟು ತೊಳೆದುಹೋಗುತ್ತದೆ. ಚಂದ್ರಿಕೆ ನೆನೆದರೆ ಗೂಡು ಕಪ್ಪಾಗುತ್ತದೆ. ಮೇಸ್ತ್ರಿ ಮೇಲಿನಿಂದ ಕೈಗಳು ಸಾಲುತ್ತಿಲ್ಲ ಎಂದು ಕೂಗಿದ. ನಾನು ಅಂಗಳದ ಮಧ್ಯೆ ನಿಂತುಬಿಟ್ಟೆ, ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಆಗ ಅತ್ತೆ ಹುಳುಮನೆಯಿಂದ ಹೊರಗೆ ಬಂದರು. ಇನ್ನೂ ಎರಡು ತಟ್ಟೆ ಆರಿಸುವುದಿತ್ತು.

"ಅವು ತಟ್ಟೇಲೇ ಕಟ್ಕಳ್ಲಿ, ಬುಡಿ. ನೀವೆಲ್ಲಾ ಬಾಂಡ್ಲಿಗೆ ಹೋಗಿ. ಚಂದ್ರಂಕಿ ನಾನೂ ಇವ್ಳೂ ಒಳಕ್ಕೆ ತಕತೀವಿ."

ಎಂಟು ಹೆಂಗಸರೂ ಸೆರಗು ಸಿಕ್ಕಿಸಿ ಬಾಂಡ್ಲಿಯ ಸಾಲಿಗೆ ನಿಂತರು. ನಾವಿಬ್ಬರು ಅತ್ತೆ ಸೊಸೆ, ನಮ್ಮ ಎತ್ತರದ ಚಂದ್ರಿಕೆಗಳನ್ನು ಎರಡೂ ಕಡೆ ಹಿಡಿದು ನಡುಮನೆಗೆ, ಅಡುಗೆಮನೆಗೆ, ದೇವರ ಮುಂದಕ್ಕೆ ಸಾಗಿಸಿದೆವು. ನಾಲ್ಕು ಹನಿ ಬಿತ್ತು. ಅಷ್ಟೇ. ಮಳೆ ತಿಪ್ಪಸಂದ್ರದ ಕಡೆ ತಿರುಗಿಕೊಂಡು ಹೋಯಿತು. ಕತ್ತಲಿಗೆ ಮುಂಚೆ ಕೊನೆಯ ಬಾಂಡ್ಲಿ ಮೇಲೆ ಹೋಯಿತು. ಆ ಎರಡು ತಟ್ಟೆಯ ಹುಳು ಸೊಪ್ಪಿನ ಕಡ್ಡಿಗೆ, ಒಂದರ ಮೈಗೆ ಒಂದು, ಸಿಕ್ಕಿದ ಹಾಗೆ ಗೂಡು ಕಟ್ಟಿಕೊಂಡವು. ಅವು ಮಾರುವುದಕ್ಕೆ ಬರಲಿಲ್ಲ. ಹೋದದ್ದು ಎರಡೇ ತಟ್ಟೆ ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಭಯ ಅಲ್ಲಿಗೆ ಮುಗಿಯಲಿಲ್ಲ. ಮೇಸ್ತ್ರಿಯ ಮನೆಯ ಹುಳುವಿಗೆ ಏನಾದರೂ ಆದರೆ ಎಂಬ ಯೋಚನೆಯಲ್ಲಿ ಮತ್ತೆ ಏಳು ದಿನ ತಳ್ಳಿದೆ. ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ದಿನಾ ಮೂರು ಹೊತ್ತು ಕೊಡ ಹೊತ್ತು ಹತ್ತುವಾಗಲೂ ಕಣ್ಣು ಕೂಟಗಲ್ಲಿನ ದಾರಿಯ ಮೇಲೇ ಇರುತ್ತಿತ್ತು. ಅವರ ಹುಳು ಹಣ್ಣಾದ ದಿನ ಮುಯ್ಯಿ ತೀರಿಸಲು ನಾನು ತಲೆಗೆ ನೀರು ಹಾಕಿಕೊಂಡು ಹೊರಟರೆ, ಅತ್ತೆಯೂ ಒದ್ದೆ ಕೂದಲು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊದಲ ತಟ್ಟೆ ಎಳೆದು ನೋಡಿದಾಗ ಒಂದು ಬಿಳಿ ಹುಳುವೂ ಇರಲಿಲ್ಲ. ಅತ್ತೆ ಎರಡೂ ಕೈಯಿಂದ ತಟ್ಟೆಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಮೂರು ವಾರಕ್ಕೆ ಹಲಗೆ ಬಿಚ್ಚಿದರು. ನಾದಿನಿಯ ಮನೆಯವರು ಬಂದು ಕೋಣೆ ನೋಡಿ ಹೋದರು. ಅವಳು ಬಂದಳು. ಮುಂದಿನ ಚಾಕಿ ತರುವುದು ಬೇಡ ಎಂದು ಅತ್ತೆಯೇ ಹೇಳಿದರು. ನಾನು ನೆಲಕ್ಕೆ ಮಣ್ಣು ಬಡಿಸಿ ಸಾರಿಸಿದೆ. ಬಾಗಿಲು ಕೂರಿಸಿದ್ದಾಯಿತು. ಗಾರೆ ಒಂದು ಉಳಿದಿತ್ತು. ಅದಕ್ಕೆ ಮೇಸ್ತ್ರಿಯನ್ನು ಒಂದು ಗುರುವಾರಕ್ಕೆ ಗೊತ್ತುಮಾಡಿ, ಗುರುವಾರ, ಗುರುವಾರ ಎಂದು ಮೂರು ಸಲ ಹೇಳಿಸಿದೆ. ಮಗು ಯಾರ ಗೆರೆಯನ್ನೂ ನೋಡಲಿಲ್ಲ, ಡಾಕ್ಟರು ಹೇಳಿದ್ದಕ್ಕಿಂತ ಹತ್ತು ದಿನ ಮುಂಚೆ ರಾಮನಗರದ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಐದನೇ ದಿನ ತಾಯಿ ಮಗುವನ್ನು ಕರೆತಂದು, ಬರೀ ಇಟ್ಟಿಗೆಯ ಗೋಡೆಯ ಆ ಕೋಣೆಯಲ್ಲಿ ಮಲಗಿಸಿದೆವು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಕರಣೆ, ಮಟ್ಟಗೋಲು, ಜರಡಿ ಎಲ್ಲ ತಂದಿದ್ದ. ಒಳಗೆ ಅತ್ತೆ ಮಗಳಿಗೆ ನೀರು ಹಾಕಿ ಸಾಂಬ್ರಾಣಿ ಹಿಡಿಯುತ್ತಿದ್ದರು. ಹೊಗೆ ಇನ್ನೂ ಕದವಿಲ್ಲದ ಕಿಟಕಿಯಿಂದ ಹೊರಗೆ ಬರುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಈಗ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ."

ಅವನು ನನ್ನ ಮುಖವನ್ನೇ ನೋಡಿದ.

"ನೀವಾ ಈ ಮಾತು ಹೇಳ್ತಿರೋದು?"

"ನಾನೇ. ಬಾಣಂತಿ ಮಲಗಿದ್ದಾಳೆ."

ಮೇಸ್ತ್ರಿ ಹೆಗಲ ಮೇಲಿದ್ದ ಜರಡಿಯನ್ನು ಸದ್ದಾಗದಂತೆ ಇಳಿಸಿ ಗೋಡೆಗೆ ಒರಗಿಸಿದ. ಆಳುಗಳಿಗೆ ಕೈಸನ್ನೆ ಮಾಡಿ ಹಿಂದಕ್ಕೆ ಕಳಿಸಿದ. ಮಗು ಯಾರ ಹಂಗೈತೆ ಎಂದು ಪಿಸುಮಾತಿನಲ್ಲಿ ಕೇಳಿದ. ಅಜ್ಜಿಯ ಹಾಗೆ ಎಂದೆ. ಹಂಗಾದ್ರೆ ನಮ್ಮನ್ನೆಲ್ಲಾ ಬೇಲಿ ತಾವೇ ನಿಲ್ಲಿಸ್ತದೆ ಎಂದು ನಕ್ಕು ಹೊರಟುಹೋದ.

ಒಳಗೆ ನಾದಿನಿ ಮಗ್ಗುಲು ತಿರುಗಿ ಮಗುವಿಗೆ ಹಾಲು ಕೊಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ನಾನು ಬಾಗಿಲನ್ನು ನಿಧಾನವಾಗಿ ಎಳೆದು ಹಾಕಿದೆ. ಆಮೇಲೆ ಅಲ್ಲೇ, ಸಾರಿಸದ ಜಗಲಿಯ ಮೇಲೆ, ಕೂತೆ.